ಹಲ್ಲಿಗೆ ಹಾಕದೆ ಬೀಜ ಗುರುತಿಸುವುದು

ಮೊಮ್ಮಗಳ ಸಿಇಟಿ ಫಲಿತಾಂಶ ಬಂದ ದಿನ ನಾನು ಹೆಸರು ಬಿತ್ತುತ್ತಿದ್ದೆ. ಎತ್ತಿನ ಕೂರಿಗೆಯ ಹಿಂದೆ ನಡೆಯುತ್ತಾ, ಮಡಿಲಲ್ಲಿ ಕಟ್ಟಿಕೊಂಡ ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಬಿದಿರು ಕೊಳವೆಯಲ್ಲಿ ಒಂದೇ ಸಮನೆ ಬಿಡುತ್ತಾ ಹೋಗುವುದು ನನ್ನ ಕೆಲಸ. ಯಲಬುರ್ಗಾ ಸೀಮೆಯಲ್ಲಿ ಈಗ ಟ್ರ್ಯಾಕ್ಟರ್ ಬಿತ್ತನೆಯೇ ಹೆಚ್ಚು. ಆದರೂ ನಮ್ಮ ಎತ್ತು, ನಮ್ಮ ಕೂರಿಗೆ, ನನ್ನ ಕೈ ಬೇಕು ಎನ್ನುವ ಮನೆಗಳು ಇನ್ನೂ ಇವೆ. ಅಲ್ಲಿಗೇ ಮಗ ಬಂದ. ಬದುವಿನ ಮೇಲೆ ನಿಂತು, ಊರಿಗೆಲ್ಲ ಕೇಳುವ ಹಾಗೆ ಹೇಳಿದ.

“ನಿನ್ನ ಮೊಮ್ಮಗಳು ಮಕಾಡೆ ಮಲಗ್ಯಾಳ ನೋಡು. ಕೃಷಿ ಕಾಲೇಜಿಗೆ ಹೋಗತೀನಿ ಅಂತಿದ್ಲಲ್ಲ.”

“ಎತ್ತು ನಿಲ್ಲಿಸಬ್ಯಾಡ, ಸಾಲು ಮುಗೀಲಿ,” ಎಂದು ಕೂರಿಗೆ ಹೊಡೆಯುವವನಿಗೆ ಹೇಳಿದೆ. ಸಾಲು ಮುಗಿಸಿಯೇ ಮಗನ ಕಡೆ ತಿರುಗಿದೆ.

ಕೃಷಿ ಓದುತ್ತೇನೆ ಎಂಬ ಅವಳ ಹಟ ನನಗೂ ಸರಿ ಬಂದಿರಲಿಲ್ಲ. ಹೊಲ ಬಿಡಿಸಬೇಕೆಂದು ಶಾಲೆಗೆ ಕಳಿಸಿದರೆ, ಹೊಲದ ಮೇಲೆಯೇ ಓದುತ್ತೇನೆ ಎನ್ನುವವಳಿಗೆ ಏನು ಹೇಳುವುದು? ಆದರೆ ಅವಳಿಗೆ ಬೇರೆ ಯಾವುದೂ ಬೇಡವಾಗಿತ್ತು. ಬೇಡವಾದದ್ದನ್ನು ಓದಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಅವಳ ಅಪ್ಪನೇ ಇದ್ದ. ಐಟಿಐ ಮುಗಿಸಿ ಸ್ಪ್ಯಾನರ್ ಹಿಡಿಯದೆ ಕೂತವನು.

ಮರುದಿನ ಯಲಬುರ್ಗಾದ ಸೈಬರ್ ಅಂಗಡಿಗೆ ಹೋದೆವು. ಅಂಗಡಿಯವನು ಪರದೆಯಿಂದ ಕಣ್ಣು ತೆಗೆಯದೆ, “ಈ ರ‍್ಯಾಂಕಿಗೆ ಸರಕಾರಿ ಸೀಟು ಅಂದ್ರ ಕನಸು, ಅಜ್ಜಿ,” ಎಂದ.

“ಕನಸು ಕೇಳಾಕ ಬಂದಿಲ್ಲಪ. ಏನೈತಿ, ಏನಿಲ್ಲ ಅಷ್ಟ ಹೇಳು.”

ಇದ್ದದ್ದು ಒಂದು ದಾರಿ. ಮೊಮ್ಮಗಳು ಅರ್ಜಿ ಹಾಕುವಾಗಲೇ ರೈತರ ಮಕ್ಕಳ ಕೋಟಾ ಎಂದು ಗುರುತು ಹಾಕಿ, ನಾಡಕಚೇರಿಯಿಂದ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದಳು. ಆ ಕೋಟಾದವರಿಗೆ ಬೇರೆ ಒಂದು ಪರೀಕ್ಷೆ ಇರುತ್ತದೆ. ಮೇಜಿನ ಮೇಲೆ ಕಾಳು, ಎಲೆ, ಕಳೆ, ಗೊಬ್ಬರ, ಒಕ್ಕಲುತನದ ಸಾಮಾನು ಸಾಲಾಗಿ ಇಟ್ಟಿರುತ್ತಾರೆ. ಒಂದೊಂದರ ಮುಂದೆ ಸ್ವಲ್ಪ ಹೊತ್ತು ನಿಂತು, ಇದು ಇಂಥದ್ದು ಎಂದು ಬರೆಯಬೇಕು. ಗಂಟೆ ಬಾರಿಸಿದ ಕೂಡಲೇ ಮುಂದಿನದಕ್ಕೆ ಸರಿಯಬೇಕು. ಸೀಟು ಹಂಚುವಾಗ ಅರ್ಧ ತೂಕ ಈ ಪರೀಕ್ಷೆಗೆ, ಉಳಿದರ್ಧ ಪಿಯುಸಿಗೂ ಸಿಇಟಿಗೂ. ಸಿಇಟಿಯಲ್ಲಿ ಮಲಗಿದವಳು ಏಳಬೇಕಾದರೆ ಇಲ್ಲಿಯೇ ಏಳಬೇಕು.

ಅಷ್ಟರಲ್ಲಿ ಮಗ ಇನ್ನೊಂದು ದಾರಿ ಹುಡುಕಿದ್ದ. ಕೊಪ್ಪಳದಿಂದ ಒಬ್ಬ ಏಜೆಂಟ್ ಬೈಕಿನಲ್ಲಿ ಬಂದು, ಎಲ್ಲೋ ದೂರದ ಖಾಸಗಿ ಕಾಲೇಜಿನಲ್ಲಿ ನರ್ಸಿಂಗ್ ಸೀಟು ಕೊಡಿಸುತ್ತೇನೆ ಎಂದು ಚಹಾ ಕುಡಿದು ಹೋದ. ಅದಕ್ಕೆ ಕೊಡಬೇಕಾದದ್ದು ನಮ್ಮ ಎತ್ತಿನ ಜೋಡಿ ಮಾರಿದರೆ ಬರುತ್ತದೆ ಎಂದು ಮಗನೇ ಅವನಿಗೆ ಹೇಳಿದ. ನನ್ನ ಎದುರಿಗೇ ಹೇಳಿದ.

“ಎತ್ತು ಯಾರವು?” ಎಂದು ಕೇಳಿದೆ.

“ಮನೀವು.”

“ನನ್ನ ಬಿತ್ತಿಗಿ ಕೂಲ್ಯಾಗ ಬಂದಾವ. ಹುಡುಗಿ ಪರೀಕ್ಷೆ ಬರೆದು, ಸೀಟು ಹಂಚೂದು ಪೂರಾ ಮುಗಿಯೂ ತನಕ ಅವನ್ನ ಮುಟ್ಟಬ್ಯಾಡ.”

“ಸೀಟು ಸಿಗಲಿಲ್ಲಂದ್ರ?”

“ಆವಾಗ ಹಗ್ಗ ನಾನ ಬಿಚ್ಚಿ ಕೊಡತೀನಿ.”

ಹೀಗೆ ಮಾತಾಯಿತು. ಅವಳಿಗೆ ಸೀಟು ಹೋದರೆ ನನ್ನ ಎತ್ತೂ ಹೋಗುತ್ತವೆ, ಎತ್ತು ಹೋದರೆ ಕೂರಿಗೆ ಒಲೆಗೆ ಹೋಗುತ್ತದೆ. ನಾನು ಮೊಮ್ಮಗಳಿಗಾಗಿ ಕಷ್ಟಪಟ್ಟೆ ಎಂದು ಯಾರಾದರೂ ಹೊಗಳಿದರೆ ಅದು ಅರ್ಧ ಸುಳ್ಳು.

ಕಲಿಸುವುದು ಶುರುವಾಯಿತು. ಮೂರನೆಯ ತರಗತಿಗೆ ಸಾಲಿ ಬಿಟ್ಟವಳು ನಾನು, ಆದರೆ ಬೀಜದ ವಿಷಯದಲ್ಲಿ ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದುಕೊಂಡಿದ್ದೆ. ಮನೆಯ ಗಡಿಗೆ, ಅಕ್ಕಪಕ್ಕದವರ ಗಡಿಗೆ ಎಲ್ಲ ತಡಕಾಡಿ ಜೋಳ, ಸಜ್ಜೆ, ನವಣೆ, ತೊಗರಿ, ಮಡಕಿ, ಅಲಸಂದಿ, ಎಳ್ಳು, ಗುರೆಳ್ಳು, ಕುಸುಬಿ, ಪುಂಡಿ, ಉಳ್ಳಾಗಡ್ಡಿ ಬೀಜ ಕೂಡಿಸಿದೆ. ನಾನು ಬೀಜ ನೋಡುವ ರೀತಿ ಹೀಗೆ: ಮೊದಲು ಅಂಗೈಯಲ್ಲಿ ಹಾಕಿ ಹೆಬ್ಬೆರಳಿನಿಂದ ಉಜ್ಜಬೇಕು. ಆಮೇಲೆ ಮೂಸಬೇಕು. ಆಮೇಲೆ ಮುಂದಿನ ಹಲ್ಲಿಗೆ ಹಾಕಬೇಕು. ಒಣಗಿದ ಕಾಳು ಕಟ್ ಎನ್ನುತ್ತದೆ, ಹಸಿ ಇದ್ದದ್ದು ಹಲ್ಲಿಗೆ ಅಂಟುತ್ತದೆ. ಸಾಸಿವೆ ಸ್ವಲ್ಪ ತಡೆದು ಮೂಗಿಗೆ ಏರುತ್ತದೆ. ಗುರೆಳ್ಳಿನ ಎಣ್ಣೆ ಬೇರೆ, ಎಳ್ಳಿನ ಎಣ್ಣೆ ಬೇರೆ, ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ. ಬಿತ್ತುವ ಮುಂಚೆ ನಾನು ಹಲ್ಲಿಗೆ ಹಾಕದ ಬೀಜ ಈ ಸೀಮೆಯ ಯಾವ ಹೊಲದಲ್ಲೂ ಬಿದ್ದಿಲ್ಲ.

ಮೊಮ್ಮಗಳು ಬೇಗ ಕಲಿತಳು. ಕಣ್ಣು ಮುಚ್ಚಿಸಿ ಅಂಗೈಗೆ ಹಾಕಿದರೂ ಹೇಳುತ್ತಿದ್ದಳು. ಮಗ ಬಾಗಿಲಲ್ಲಿ ನಿಂತು, “ಕೋಳಿ ಹಂಗ ಕಾಳು ತಿಂದ್ರ ಸೀಟು ಕೊಡ್ತಾರೇನು?” ಎಂದು ನಗುತ್ತಿದ್ದ. ಅವನ ಮಾತು ನಿಜವಾಗುತ್ತದೆ ಎಂದು ನಾನು ತಿಳಿದಿರಲಿಲ್ಲ.

ಅವಳ ಕಾಲೇಜಿನ ಮೇಷ್ಟ್ರು ಒಂದು ಸಹಾಯ ಮಾಡಿದರು. ಇದೇ ಕೋಟಾದಲ್ಲಿ ಸೀಟು ಪಡೆದು ಕೃಷಿ ಓದುತ್ತಿರುವ ಹುಡುಗಿಯೊಬ್ಬಳು ರಜೆಗೆ ಕಿನ್ನಾಳಕ್ಕೆ ಬಂದಿದ್ದಾಳೆ, ಹೋಗಿ ಭೇಟಿಯಾಗಿ ಎಂದರು. ಹೋದೆವು. ಅವಳ ತಂದೆ ಒಂದಿಷ್ಟು ಹೊಲ ಮಾಡುತ್ತಾ, ಉಳಿದ ಹೊತ್ತಿನಲ್ಲಿ ಕಟ್ಟಿಗೆಯ ಬೊಂಬೆ ಮಾಡುವವ. ಪಡಸಾಲೆಯ ತುಂಬ ಬಣ್ಣ ಹಚ್ಚಿ ಒಣಗಲಿಟ್ಟ ಸಾಮಾನು. ಕಾಲಿಡಲು ಜಾಗವಿಲ್ಲ.

ಆ ಹುಡುಗಿ ಒಂದು ಹಲಗೆಯ ಮೇಲೆ ಸಣ್ಣ ತಟ್ಟೆಗಳನ್ನು ಸಾಲಾಗಿ ಇಟ್ಟು, “ಬಾ, ಪರೀಕ್ಷೆ ಅಂತ ತಿಳ್ಕೊ,” ಎಂದಳು. ನಮ್ಮವಳು ಮೊದಲ ತಟ್ಟೆಯ ಮುಂದೆ ನಿಂತಳು. ಎರಡು ಕಾಳು ಎತ್ತಿ ಬಾಯಿಗೆ ಹಾಕಿಕೊಂಡಳು.

“ಏ, ಉಗುಳು. ಉಗುಳು ಮೊದಲು.” ಕಿನ್ನಾಳದವಳು ಅವಳ ಗಲ್ಲ ಹಿಡಿದೇ ಬಿಟ್ಟಳು. “ಬಾಯಿಗೆ ಯಾರ ಹಾಕ್ಕೊ ಅಂದ್ರು ನಿನಗ?”

ಮೊಮ್ಮಗಳು ನನ್ನನ್ನು ನೋಡಿದಳು.

“ನಾನು,” ಎಂದೆ.

“ಅಲ್ರಿ ಅಜ್ಜಿ, ಅಲ್ಲಿ ಮುಟ್ಟಾಕನೂ ಬಿಡೂದಿಲ್ಲ. ಶೀಶೇದಾಗ ಇಟ್ಟಿರ್ತಾರ, ಪಾಕೀಟದಾಗ ಇಟ್ಟಿರ್ತಾರ. ದೂರ ನಿಂತು ನೋಡಿ ಬರೀಬೇಕು. ಕೆಲವು ಬೀಜಕ್ಕ ವಿಷದ ಔಷಧ ಸವರಿರ್ತಾರ. ಪರೀಕ್ಷೆ ಬಿಟ್ಟು ದವಾಖಾನಿಗೆ ಹೋಗಬೇಕಾಗ್ತದ.”

“ಮೂಸಲಾರದ ಉಳ್ಳಾಗಡ್ಡಿ ಬೀಜ ಹೆಂಗ ಹೇಳೂದು?” ಎಂದೆ.

“ಕಾಳಿನ ಮೂಲಿ ನೋಡಬೇಕು, ಸುಕ್ಕು ನೋಡಬೇಕು.” ಅವಳು ಹಲಗೆಯ ಕೊನೆಗೆ ಕೈ ತೋರಿಸಿದಳು. “ಅಜ್ಜಿ, ನೀವ ಹೇಳ್ರಿ. ಮುಟ್ಟಬ್ಯಾಡ್ರಿ. ಇದೇನು?”

“ಬದನಿಕಾಯಿ. ಅದಕ್ಕೇನು ಕಾಲೇಜು ಬೇಕ?”

“ಎತ್ತಿ ನೋಡ್ರಿ.”

ಎತ್ತಿದೆ. ಕಟ್ಟಿಗೆ. ಅವಳ ಅಪ್ಪ ಮಾಡಿ ಬಣ್ಣ ಹಚ್ಚಿದ್ದು. ಮೂಲೆಯಲ್ಲಿ ಕುಂಚ ಹಿಡಿದು ಕೂತಿದ್ದ ಆತ ತಲೆ ಎತ್ತದೆ ನಕ್ಕ. ಮೊಮ್ಮಗಳೂ ನಕ್ಕಳು. ನನಗೆ ಆ ಬದನೆಕಾಯಿಯನ್ನು ಬೀದಿಗೆ ಎಸೆಯಬೇಕು ಎನಿಸಿತು. ಕೈ ಮುಟ್ಟಿದ್ದರೆ ನಾನು ಮೋಸ ಹೋಗುತ್ತಿರಲಿಲ್ಲ. ಆದರೆ ಕೈ ಮುಟ್ಟಿಸಬಾರದು ಎನ್ನುವುದೇ ಅಲ್ಲಿಯ ನಿಯಮ, ಆ ನಿಯಮದಲ್ಲಿ ನಾನು ನಾಪಾಸು.

ಬರುವಾಗ ಬಸ್ಸು ಕುಕನೂರು ದಾಟಿತು. ಆಮೇಲೆ ಅವಳೇ ಬಾಯಿ ತೆರೆದಳು.

“ನೀ ಕಲಿಸಿದ್ದು ಒಂದೂ ನಡಿಯೂದಿಲ್ಲ, ಅಜ್ಜಿ.”

“ನಡೀತೈತಿ. ಹಲ್ಲಿನಾಗ ಇರೂದನ್ನ ಕಣ್ಣಿಗೆ ತರಬೇಕು ಅಷ್ಟ.”

“ಹೆಂಗ?”

“ಮನಿಗೆ ನಡಿ, ಹೇಳತೀನಿ.”

ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ಮನೆಗೆ ಹೋದ ಮೇಲೆ ಅವಳ ವೇಲಿನಿಂದಲೇ ಅವಳ ಎರಡೂ ಕೈ ಹಿಂದಕ್ಕೆ ಕಟ್ಟಿದೆ. ಕಾಳುಗಳನ್ನು ಪ್ಲಾಸ್ಟಿಕ್ ಪಾಕೀಟಿನಲ್ಲಿ ಹಾಕಿ ಬಾಯಿ ಗಂಟು ಹಾಕಿದೆ. ಒಂದೊಂದೇ ಎದುರಿಗೆ ಇಟ್ಟೆ. ಸೊಸೆ ಸ್ಟೀಲ್ ತಟ್ಟೆ ಬಡಿದರೆ ಮುಂದಿನದು. ಮೊದಲ ಸಲ ಅರ್ಧಕ್ಕರ್ಧ ತಪ್ಪು. ಎಳ್ಳನ್ನು ಅಗಸಿ ಎಂದಳು, ಮಡಕಿಯನ್ನು ಹೆಸರು ಎಂದಳು. ಉತ್ತರ ಬರದಿದ್ದಾಗ ಅವಳ ಭುಜ ಅಲುಗುತ್ತಿತ್ತು, ಕೈ ಮುಂದೆ ಬರಲು ಹೊಡೆದಾಡುತ್ತಿತ್ತು. ನಾನು ಬೈದೆ. ಅವಳು ಅತ್ತಳು. ಅಳುವುದಕ್ಕೂ ಕೈ ಬಿಚ್ಚಲಿಲ್ಲ, ಮೂಗು ಸೊಸೆ ಒರೆಸಿದಳು.

ಆದರೆ ಕಿನ್ನಾಳದ ಹುಡುಗಿ ಇನ್ನೊಂದು ಮಾತು ಹೇಳಿದ್ದಳು. ಮೇಜಿನ ಮೇಲೆ ಬರೀ ಒಣಭೂಮಿಯ ಕಾಳು ಇರುವುದಿಲ್ಲ, ನೀರಾವರಿ ಬೆಳೆ, ಭತ್ತದ ಕಳೆ, ಗದ್ದೆಯಲ್ಲಿ ತಳ್ಳುವ ಯಂತ್ರ, ಥರಾವರಿ ರಸಗೊಬ್ಬರ ಎಲ್ಲ ಇರುತ್ತದೆ. ನಾನು ಭತ್ತ ನೋಡಿದ್ದು ಬಸ್ಸಿನ ಕಿಟಕಿಯಿಂದ. ಗೊಬ್ಬರ ನೋಡಿದ್ದು ಚೀಲದ ಹೊರಗಿನಿಂದ.

ಇದನ್ನೆಲ್ಲ ಬಲ್ಲವಳು ಒಬ್ಬಳಿದ್ದಳು. ನನ್ನ ಬೀಗತಿ, ಅಂದರೆ ಸೊಸೆಯ ತಾಯಿ. ಗಂಗಾವತಿ ತಾಲೂಕಿನ ಶ್ರೀರಾಮನಗರದ ಹತ್ತಿರ, ಕಾಲುವೆ ನೀರಿನಲ್ಲಿ ಹುಟ್ಟಿ ಬೆಳೆದು, ಭತ್ತ ನಾಟಿ ಮಾಡುವ ಹೆಂಗಸರ ಗುಂಪು ಕಟ್ಟಿಕೊಂಡು ಗುತ್ತಿಗೆ ಹಿಡಿಯುವವಳು. ಈ ಮೊಮ್ಮಗಳ ತೊಟ್ಟಿಲು ಶಾಸ್ತ್ರಕ್ಕೆ ತವರಿನವರು ಕಟ್ಟಿಗೆಯ ತೊಟ್ಟಿಲು ತರಬೇಕು. ಆಕೆ ಕಬ್ಬಿಣದ್ದು ತಂದಳು. ಬಂದವರ ಎದುರಿಗೇ ನಾನು ಹೇಳಬೇಕಾದ್ದನ್ನು ಹೇಳಿದೆ, ಆಕೆಯೂ ಹೇಳಿದಳು. ಅಂದಿನಿಂದ ನಾವಿಬ್ಬರೂ ಮಾತು ಬಿಟ್ಟಿದ್ದೆವು. ತೊಟ್ಟಿಲ ವಿಷಯದಲ್ಲಿ ನಾನು ಹೇಳಿದ್ದು ಈಗಲೂ ಸರಿಯೇ.

ಮೊಮ್ಮಗಳನ್ನು ಒಬ್ಬಳನ್ನೇ ಕಳಿಸಬಹುದಿತ್ತು. ಸೊಸೆಯೂ ಹಾಗೇ ಅಂದಳು. ಆದರೆ ಅವಳ ಕೈ ಕಟ್ಟಿ ಕೂರಿಸುವವರು ಅಲ್ಲಿ ಯಾರು? ತಾಯಿ ಕಡೆಯ ಅಜ್ಜಿ ಮುದ್ದು ಮಾಡಿ ಹಾಳು ಮಾಡುತ್ತಾಳೆ. ಎರಡು ದಿನ ಯೋಚನೆ ಮಾಡಿ, ಸೀರೆ ಚೀಲಕ್ಕೆ ಹಾಕಿಕೊಂಡು ನಾನೂ ಹೊರಟೆ.

ಬೀಗತಿ ಅಂಗಳದಲ್ಲಿ ಮೀನಿನ ಬುಟ್ಟಿಯವಳ ಜೊತೆ ಚೌಕಾಸಿ ಮಾಡುತ್ತಿದ್ದಳು. ನನ್ನನ್ನು ನೋಡಿಯೂ ಚೌಕಾಸಿ ಮುಗಿಸಿದಳು. ಆಮೇಲೆ ಮೊಮ್ಮಗಳಿಗೆ, “ಬಾರವ್ವ. ಹಿಂದ ಯಾರ ಬಂದಾರ?” ಎಂದಳು.

“ಕಣ್ಣು ಕಾಣ್ತಾವಲ್ಲ ನಿಮಗ,” ಎಂದೆ.

“ಕಾಣ್ತಾವ್ರಿ ಬೀಗರ. ನಂಬಾಕ ಆಗವಲ್ದು. ನಮ್ಮೂರಿನ ಅನ್ನ ರೋಗಿಷ್ಟರ ಊಟ ಅಂತಿದ್ರಿ, ಊಟಕ್ಕ ಬಂದ್ರೇನು?”

“ರೊಟ್ಟಿ ಕಟ್ಕೊಂಡ ಬಂದೀನಿ.”

“ಅದೂ ಛಲೋನ ಆತು.”

ವಿಷಯ ಹೇಳಿದೆ. ಆಕೆ ಕೇಳಿಸಿಕೊಂಡು, ಎಲೆಯಡಿಕೆ ಮೆದ್ದು, “ಹುಡುಗಿಗೆ ಕಲಸ್ತೀನಿ. ಆದ್ರ ನಮ್ಮನ್ಯಾಗ ನೋಡ್ಕೋತ ಕುಂತವ್ರಿಗೆ ಜಾಗ ಇಲ್ರಿ. ನಾಳೆ ಸಸಿ ಕೀಳೂದೈತಿ, ನೀವೂ ಇಳೀಬೇಕು,” ಎಂದಳು.

ಇಳಿದೆ. ಈ ವಯಸ್ಸಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಭತ್ತದ ಸಸಿ ಕಿತ್ತು ಕಟ್ಟು ಕಟ್ಟಿದೆ. ನಮ್ಮ ಹೊಲದಲ್ಲಿ ಕಾಲಿಗೆ ಮುಳ್ಳು ಚುಚ್ಚುತ್ತದೆ, ಅಲ್ಲಿ ಕಾಲನ್ನು ನೆಲವೇ ಹಿಡಿದುಕೊಳ್ಳುತ್ತದೆ. ಗುಂಪಿನ ಹೆಂಗಸರು ತಮ್ಮತಮ್ಮಲ್ಲೇ ತೆಲುಗಿನಲ್ಲಿ ಏನೋ ಹೇಳಿ ನಕ್ಕರು. ಏನೆಂದು ನಾನು ಕೇಳಲಿಲ್ಲ. ಮೊದಲ ದಿನ ನಾನು ಕಟ್ಟಿದ ಕಟ್ಟನ್ನು ಬೀಗತಿ ಬಿಚ್ಚಿ ತೋರಿಸಿದಳು. ಅರ್ಧ ಭತ್ತ, ಅರ್ಧ ಕಳೆ.

“ನೋಡವ್ವ,” ಎಂದು ಮೊಮ್ಮಗಳನ್ನು ಕರೆದು ಹೇಳಿದಳು, “ನಿಮ್ಮ ಅಜ್ಜಿ ಹುಲ್ಲು ನಾಟಿ ಮಾಡಾಕ ಬಂದಾರ.”

“ಎರಡೂ ಒಂದ ಥರ ಅದಾವ,” ಎಂದೆ.

“ಇಲ್ರಿ. ಎಲಿ ದಂಟಿಗೆ ಕೂಡೂ ಮೂಲ್ಯಾಗ ನೋಡ್ರಿ. ಭತ್ತಕ್ಕ ಅಲ್ಲಿ ಸಣ್ಣ ನಾಲಿಗಿ ಇರ್ತೈತಿ, ಬಿಳೀದು. ಆಜೂಬಾಜೂ ಕೂದಲ. ಕಳೀಗೆ ಏನೂ ಇಲ್ಲ, ಬೋಳು.”

ಬಗ್ಗಿ ನೋಡಿದೆ. ನನ್ನ ಕಣ್ಣಿಗೆ ನಾಲಿಗೆಯೂ ಕಾಣಲಿಲ್ಲ, ಕೂದಲೂ ಕಾಣಲಿಲ್ಲ. ಮೊಮ್ಮಗಳಿಗೆ ಕಂಡಿತು. ಕೈ ಹಿಂದೆ ಕಟ್ಟಿಸಿಕೊಂಡು ಬದುವಿನ ಮೇಲೆ ನಿಂತಿದ್ದ ಅವಳು, “ಇದು ಭತ್ತ, ಇದು ಕಳೆ, ಇದೂ ಕಳೆ,” ಎಂದು ಗದ್ದದಿಂದ ತೋರಿಸಿದಳು. ದಾರಿಯಲ್ಲಿ ಹೋಗುವವರು ನಿಂತು, ಈ ಹುಡುಗಿ ಏನು ಕದ್ದಿದ್ದಾಳೆ ಎಂದು ಕೇಳಿದರು. ಬೀಗತಿ, “ಮಾರ್ಕ್ಸ ಕದೀಲಿಲ್ಲ, ಅದಕ್ಕ,” ಎಂದಳು. ಅದೊಂದು ಮಾತಿಗೆ ನನಗೂ ನಗು ಬಂತು, ಮುಖ ತಿರುಗಿಸಿಕೊಂಡೆ.

ಗೊಬ್ಬರದ ಕೊಠಡಿಯಲ್ಲಿ ನನ್ನ ಸರದಿ ಬಂತು. ಬಳಸಿ ಉಳಿದ ಚೀಲಗಳ ಬಾಯಿ ಬಿಚ್ಚಿ ಒಂದೊಂದು ಹಿಡಿ ಸುರಿದು ಆಕೆ ಹೇಳುತ್ತಾ ಹೋದಳು. ಪೊಟ್ಯಾಷ್ ಕೆಂಪು, ಡಿಎಪಿ ಕಪ್ಪು ಹರಳು. ಯೂರಿಯಾಕ್ಕೆ ಬಂದಾಗ, “ಇದನ್ನ ಬೊಗಸಿ ನೀರಾಗ ಹಾಕು. ಕೈ ತಣ್ಣಗ ಆತಂದ್ರ ಯೂರಿಯಾ,” ಎಂದಳು.

“ಕೈ ಮುಟ್ಟಾಕ ಬಿಡೂದಿಲ್ಲ ಅಲ್ಲಿ,” ಎಂದೆ.

“ಮತ್ತ ಹೆಂಗ ಹೇಳೂದು?”

“ಅದನ್ನ ನಾನೂ ಕಿನ್ನಾಳದಾಗ ಕೇಳಿ ಬಂದೀನ್ರಿ.”

ಆಕೆಯ ಮುಖ ಸಣ್ಣದಾಯಿತು. ನನಗೆ ಆ ದಿನ ರಾತ್ರಿ ಅನ್ನ ರುಚಿಸಿತು. ಆಮೇಲೆ ಇಬ್ಬರೂ ಮೊಮ್ಮಗಳ ಎದುರು ಕೂತು, ಬಿಳಿ ಗೊಬ್ಬರಗಳನ್ನು ಪಾಕೀಟಿನಲ್ಲಿ ಹಾಕಿ, ಯಾವುದು ಸಬ್ಬಕ್ಕಿಯಂತೆ ಗುಂಡಗಿದೆ, ಯಾವುದಕ್ಕೆ ಸಕ್ಕರೆಯಂತೆ ಮೂಲೆ ಇದೆ ಎಂದು ಕಣ್ಣು ಕಿರಿದು ಮಾಡಿ ನೋಡಿದೆವು. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಒಪ್ಪಲಿಲ್ಲ. ತೀರ್ಪು ಹುಡುಗಿಯೇ ಕೊಟ್ಟಳು.

ಪರೀಕ್ಷೆಗೆ ರಾಯಚೂರಿಗೆ ಹೋಗಬೇಕಿತ್ತು. ನಾನು ಕರೆಯದಿದ್ದರೂ ಬೀಗತಿ ಬಂದಳು. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಮ್ಮಂಥವರು ತುಂಬಿದ್ದರು. ಕಾರಿನಲ್ಲಿ ಬಂದ ರೈತರೂ ಇದ್ದರು, ಅವರ ಮಕ್ಕಳ ಕೈಯಲ್ಲಿ ಬಣ್ಣದ ಚಿತ್ರಗಳ ದಪ್ಪ ಪುಸ್ತಕ. ಅದನ್ನು ನೋಡಿ ನನ್ನ ಹೊಟ್ಟೆ ಉರಿಯಿತು. ಆ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಒಳಗೆ ಹೋಗುವ ಮುಂಚೆ ಮೊಮ್ಮಗಳು ವೇಲಿನ ತುದಿಯನ್ನು ತನ್ನ ಎಡಗೈಗೆ ತಾನೇ ಸುತ್ತಿಕೊಂಡಳು. ಬಲಗೈಯಲ್ಲಿ ಪೆನ್ನು. “ಈಗ ಎರಡೂ ಕೈಗೆ ಕೆಲಸ ಐತಿ,” ಎಂದು ಹೋದಳು.

ಹೊರಗೆ ಬಂದಾಗ ಮುಖದಲ್ಲಿ ಏನೂ ಓದಲಾಗಲಿಲ್ಲ. ಭತ್ತದ ಕಳೆ ಬಂದಿತ್ತಂತೆ, ಬರೆದಳಂತೆ. ಗುರೆಳ್ಳು ಬಂದಿತ್ತಂತೆ. ಒಂದಷ್ಟು ಎಲೆಗಳನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲವಂತೆ. ಒಂದು ಶೀಶೆಯಲ್ಲಿ ಸಣ್ಣ, ಗುಂಡನೆಯ, ಕಂದು ಕಾಳು.

“ಸಾಸಿವಿ,” ಎಂದೆ.

“ಎಲೆಕೋಸಿನ ಬೀಜನೂ ಹಂಗ ಇರ್ತಾವ, ಅಜ್ಜಿ. ಹಲ್ಲಿಗೆ ಹಾಕಿದ್ರ ಗೊತ್ತಾಗ್ತಿತ್ತೇನೋ. ಕೈ ಎದ್ದಿತ್ತು. ವೇಲು ಜಗ್ಗಿತು.”

“ಏನ ಬರದಿ?”

“ಎಲೆಕೋಸು.”

“ಯಾಕ?”

“ಸಾಸಿವಿ ಅಂತ ಎಲ್ಲಾರೂ ಬರೀತಾರ. ಅಷ್ಟು ಸರಳ ಇದ್ರ ಪರೀಕ್ಷೆಗೆ ಯಾಕ ಇಡ್ತಾರ?”

ಸರಿಯೋ ತಪ್ಪೋ ಇವತ್ತಿಗೂ ನಮಗೆ ಗೊತ್ತಿಲ್ಲ.

ಮೊದಲ ಸುತ್ತಿನಲ್ಲಿ ಸೀಟು ಬರಲಿಲ್ಲ. ರೈತರ ಕೋಟಾದಲ್ಲಿ ಅವಳ ರ‍್ಯಾಂಕ್ ಮೊದಲಿಗಿಂತ ಬಹಳ ಮೇಲೆ ಬಂದಿತ್ತು, ಆದರೂ ಸೀಟು ಸಿಗುವ ಗೆರೆಯ ಕೆಳಗೇ ಉಳಿದಿತ್ತು. ಸೈಬರ್ ಅಂಗಡಿಯವನು ಎರಡನೆಯ ಸುತ್ತು ಇದೆ ಎಂದ. ಮಗ ಅದನ್ನು ಕೇಳಲು ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ನಾನು ಕಸ ಹೊಡೆಯುವ ಹೊತ್ತಿಗೆ ಕುಷ್ಟಗಿಯ ದಲ್ಲಾಳಿಯೊಬ್ಬ ನಮ್ಮ ಎಡಗಡೆಯ ಎತ್ತಿನ ಬಾಯಿ ತೆರೆದು ಹಲ್ಲು ನೋಡುತ್ತಿದ್ದ.

“ಬಾಯಾಗಿಂದ ಕೈ ತಗಿ,” ಎಂದೆ.

“ಮಗಾ ಕರಸ್ಯಾನ್ರಿ, ಯವ್ವ.”

“ಮಗನ ಬಾಯಾಗ ಹಾಕಿ ನೋಡು ಹಂಗಾರ. ಅವಂಗೂ ವಯಸ್ಸಾಗೇತಿ.”

ಮಗ ಒಳಗಿನಿಂದ ಬಂದು, ನೀನೇ ಮಾತು ಕೊಟ್ಟಿದ್ದೆ, ಸೀಟು ಸಿಗಲಿಲ್ಲ, ಹಗ್ಗ ಬಿಚ್ಚು ಎಂದು ಕೂಗಾಡಿದ. ಹಂಚುವುದು ಪೂರಾ ಮುಗಿಯಲಿ ಎಂಬುದು ನಾನು ಕೊಟ್ಟ ಮಾತು, ಇನ್ನೂ ಮುಗಿದಿಲ್ಲ ಎಂದೆ. ಹಗ್ಗವನ್ನು ಬಿಚ್ಚಿದೆ. ಬಿಚ್ಚಿ, ಎತ್ತುಗಳನ್ನು ಹೊಡೆದುಕೊಂಡು ಹೊಲಕ್ಕೆ ಹೋದೆ. ಸಾಲುಗಳ ನಡುವಿನ ಕಳೆಗೆ ಎಡೆ ಹೊಡೆಯುವ ಕೆಲಸ ಅಂಥಾದ್ದೇನೂ ಇರಲಿಲ್ಲ. ದಲ್ಲಾಳಿ ಮಧ್ಯಾಹ್ನದವರೆಗೆ ಕಾದು ಹೋದನೆಂದು ಸೊಸೆ ಹೇಳಿದಳು. ಮಗ ನನ್ನ ಜೊತೆ ಮಾತು ಬಿಟ್ಟ.

ಎರಡನೆಯ ಸುತ್ತಿನಲ್ಲಿ ಬಂತು. ಕೃಷಿ ಅಲ್ಲ, ತೋಟಗಾರಿಕೆ. ಮೇಲಿನ ರ‍್ಯಾಂಕಿನವರು ಡಾಕ್ಟರಿಕೆಗೋ ಮತ್ತೊಂದಕ್ಕೋ ಹೋಗಿ ಬಿಟ್ಟ ಸೀಟು. ಅದೃಷ್ಟ ಎಂದರು ಊರವರು. ಮಂದಿ ಬೇಡವೆಂದು ಬಿಟ್ಟದ್ದು ಸಿಗುವುದಕ್ಕೂ ಗೆರೆಯ ಹತ್ತಿರ ನಿಂತಿರಬೇಕು. ದೂರ ನಿಂತವರಿಗೆ ಅದೂ ಸಿಗುವುದಿಲ್ಲ. ಮೊಮ್ಮಗಳು ಒಂದು ದಿನ ಮುಖ ಊದಿಸಿಕೊಂಡಿದ್ದು, ಎರಡನೆಯ ದಿನ ಪೆಟ್ಟಿಗೆ ತುಂಬಿದಳು. ಬೀಗತಿ ಫೋನು ಮಾಡಿ, ಸೀಟು ಕಾಲುವೆ ನೀರಿನಿಂದ ಬಂದದ್ದು ಎಂದಳು. ಗುರೆಳ್ಳು ಯಾರು ಕಲಿಸಿದ್ದು ಎಂದು ನಾನು ಕೇಳಿದೆ. ಮತ್ತೆ ಮಾತು ನಿಂತಿದೆ.

ಮೊದಲ ರಜೆಗೆ ಅವಳು ಮನೆಗೆ ಬಂದಾಗ ಕಡಲೆ ಬಿತ್ತನೆ ನಡೆದಿತ್ತು. ಎತ್ತು ಹೂಡಿ, ಕೂರಿಗೆ ಇಳಿಸಿ, ಸರಕಾರದಿಂದ ತಂದ ಹೊಸ ಚೀಲದ ಬಾಯಿ ಬಿಚ್ಚಿದೆ. ಯಾವಾಗಿನ ಹಾಗೆ ಒಂದು ಕಾಳು ಹಲ್ಲಿನ ಹತ್ತಿರ ತಂದೆ. ಅವಳು ಬಂದು ನನ್ನ ಕೈ ಮೇಲೆ ಒಂದು ಏಟು ಕೊಟ್ಟಳು. ಕಾಳು ಮಣ್ಣಿಗೆ ಬಿತ್ತು.

“ಬಣ್ಣ ನೋಡು ಅದರದು. ಔಷಧ ಸವರ್ಯಾರ.”

ಬಿಸಿಲಿಗೆ ಹಿಡಿದು ನೋಡಿದೆ. ಗುಲಾಬಿ ಬಣ್ಣ. ನನಗೆ ಕಡಲೆ ಎಂದಷ್ಟೇ ಕಂಡಿತ್ತು.

“ಮಡಿಲಾಗ ಹಾಕ್ಕೋಬ್ಯಾಡ. ಕೈ ಕೊಡು ಇಲ್ಲಿ.”

ಬೀಜವನ್ನು ಬುಟ್ಟಿಗೆ ಸುರಿದು ನನ್ನ ಸೊಂಟಕ್ಕೆ ಕಟ್ಟಿದಳು. ನನ್ನ ಎರಡೂ ಕೈಗೆ ಒಂದೊಂದು ಪ್ಲಾಸ್ಟಿಕ್ ಚೀಲ ತೊಡಿಸಿ, ಮಣಿಕಟ್ಟಿನ ಹತ್ತಿರ ದಾರದಿಂದ ಬಿಗಿದಳು. ಸ್ವಲ್ಪ ಹೆಚ್ಚಾಗಿಯೇ ಬಿಗಿದಳು.

“ಕೈ ಕಟ್ಟಿದ್ದು ನೆನಪೈತಲ್ಲ ನಿನಗ,” ಎಂದೆ.

“ಐತಿ. ನಡಿ, ಎತ್ತು ಕಾಯಾಕತ್ತಾವ.”

ಕೂರಿಗೆ ಮುಂದೆ ಹೋಯಿತು. ಚೀಲದೊಳಗಿನ ಬೆರಳಿಗೆ ಕಾಳು ಎಷ್ಟು ಬೀಳುತ್ತಿದೆ ಎಂದು ತಿಳಿಯಲಿಲ್ಲ. ಆ ಮೂಲೆಯ ತನಕ ಬೈಯುತ್ತಲೇ ಹೋದೆ. ತಿರುಗಿ ಬರುವಾಗ ಬೈಗುಳ ನಿಲ್ಲಿಸಿ, ಕೊಳವೆಯ ಬಾಯಿಯ ಮೇಲೆ ಕಣ್ಣಿಟ್ಟು, ಹೊಸದಾಗಿ ಕಲಿಯುವವಳ ಹಾಗೆ ಒಂದೊಂದೇ ಕಾಳು ನೋಡಿಕೊಂಡು ಬಿಟ್ಟೆ.